ಸೊಕ್ಕೆಗೆ ಹೋಗಿ ತಪ್ಪು ಒಪ್ಪಿಕೊಂಡದ್ದು

ಶನಿವಾರ ಬೆಳಿಗ್ಗೆ ಏಳಕ್ಕೆ ಚನ್ನಗಿರಿಯಲ್ಲಿ ದಾವಣಗೆರೆ ಬಸ್ಸು ಹತ್ತಿದೆ. ಹೋಗಬೇಕಾದದ್ದು ಜಗಳೂರು ತಾಲ್ಲೂಕಿನ ಸೊಕ್ಕೆಗೆ, ನಸೀಮಾಳ ಮನೆಗೆ. ಅವಳೂ ನಾನೂ ಒಂದೇ ಸಂಶೋಧನಾ ತಂಡದವರು. ಎರಡು ಪ್ರೋಟಾನ್‌ಗಳು ಅತಿ ವೇಗದಲ್ಲಿ ಡಿಕ್ಕಿ ಹೊಡೆದರೆ ಯಾವ ಕಣಗಳು ಎಷ್ಟು ಚಿಮ್ಮುತ್ತವೆ ಎಂದು ಕಂಪ್ಯೂಟರಿನಲ್ಲಿ ಮೊದಲೇ ಲೆಕ್ಕ ಹಾಕುವುದು ನಮ್ಮ ಕೆಲಸ. ಪ್ರಯೋಗ ಮಾಡುವವರು ತಮ್ಮ ಅಳತೆಯನ್ನು ಈ ಲೆಕ್ಕದ ಪಕ್ಕ ಇಟ್ಟು ನೋಡುತ್ತಾರೆ. ಲೆಕ್ಕವೇ ಸೊಟ್ಟಗಿದ್ದರೆ, ಇಲ್ಲದ ಹೊಸ ಕಣವೊಂದು ಇದ್ದಂತೆ ಕಾಣಬಹುದು.

ತಿಂಗಳ ಹಿಂದೆ ನನ್ನ ಉತ್ತರಕ್ಕೂ ನಸೀಮಾಳ ಉತ್ತರಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಬಂತು. ಇಡೀ ತಂಡ ಸೇರಿದ್ದ ಆನ್‌ಲೈನ್ ಮೀಟಿಂಗಿನಲ್ಲಿ ನಾನು, "ನಸೀಮಾ ಅವಸರ ಮಾಡಿದ್ದಾಳೆ" ಎಂದುಬಿಟ್ಟೆ. ತಂಡ ಬರೆಯುತ್ತಿದ್ದ ಸಂಶೋಧನಾ ಲೇಖನದಿಂದ ಅವಳ ಭಾಗವನ್ನು ತೆಗೆದರು. ಅವಳು ರಜೆ ಹಾಕಿ ಊರಿಗೆ ಹೋದಳು. ಮೊನ್ನೆ ಗುರುವಾರ ನನ್ನ ಪ್ರೋಗ್ರಾಮನ್ನು ಸಾಲುಸಾಲಾಗಿ ಓದುವಾಗ ತಪ್ಪು ಸಿಕ್ಕಿತು. ಡಿಕ್ಕಿಯಲ್ಲಿ ಸಿಡಿಯುವ ಒಂದೇ ಗ್ಲುವಾನ್ ಕಣವನ್ನು ನಾನು ಎರಡು ಕಡೆ ಎಣಿಸಿದ್ದೆ.

ತ್ಯಾವಣಿಗೆಯಲ್ಲಿ ಬಸ್ಸು ತುಂಬಿತು. ಪಕ್ಕಕ್ಕೆ ಬಂದು ಕೂತ ಹೆಂಗಸು ಎಲ್ಲಿಗೆಂದು ಕೇಳಿದಳು.

"ಸೊಕ್ಕೆಗೆ. ಒಬ್ಬರಿಗೆ ತಪ್ಪಾಯ್ತು ಅನ್ನಾಕೆ ಹೊಂಟೀನಿ."

"ಹಂಗಾದ್ರೆ ಬರಿಗೈಲಿ ಹೋಗಬ್ಯಾಡ್ರಿ," ಎಂದಳು.

ದಾವಣಗೆರೆಯಲ್ಲಿ ಮಂಡಕ್ಕಿ ಮಿರ್ಚಿ ತಿಂದು, ಒಂದು ಕಿಲೋ ಸಪೋಟ ಕೊಂಡು, ಜಗಳೂರಿನ ಸರ್ಕಾರಿ ಬಸ್ಸು ಹಿಡಿದೆ. ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ. ಆಧಾರ್ ತೋರಿಸಿದರೆ ಸಾಕು. ಹೋಗುತ್ತಾ ಹೋಗುತ್ತಾ ತೋಟಗಳು ಮುಗಿದು ಬಯಲು ಬಿಚ್ಚಿಕೊಂಡಿತು. ಬಿಸಿಲು ಜೋರಿತ್ತು, ಗಾಳಿಯೂ ಇತ್ತು. ಜಗಳೂರಿನಿಂದ ಮುಂದಕ್ಕೆ ಶೇರ್ ಆಟೋ.

ನಸೀಮಾಳ ಅಪ್ಪ ಜಗಲಿಯಲ್ಲಿ ಹಾಸಿಗೆ ಹೊಲಿಯುತ್ತಿದ್ದರು. "ಬರ್ರಿ, ಕುಂತ್ಕಳ್ರಿ" ಎಂದು ಹತ್ತಿ ಸರಿಸಿ ಜಾಗ ಮಾಡಿದರು. ನಸೀಮಾ ಹೊರಗೆ ಬಂದವಳು ಬಾಗಿಲಲ್ಲೇ ನಿಂತಳು. ನಾನು ನಿಂತುಕೊಂಡೇ ಹೇಳಿದೆ: "ನಿನ್ನ ಲೆಕ್ಕ ಸರಿ ಐತೆ. ತಪ್ಪು ನಂದು."

ನನ್ನ ಪ್ರೋಗ್ರಾಮನ್ನು ಮುದ್ರಿಸಿ ತಂದಿದ್ದ ಹಾಳೆಯನ್ನು ಅವಳು ನನ್ನ ಕೈಯಿಂದ ತೆಗೆದುಕೊಂಡು ಗುರುತು ಹಾಕಿದ್ದ ಸಾಲನ್ನು ಎರಡು ಸಲ ಓದಿದಳು.

"ನಾನು ಐದು ಸಲ ಮಾಡಿದೆ ಅಕ್ಕಾ. ಐದು ಸಲಾನೂ ಅದೇ ಉತ್ತರ. ಆದ್ರೂ ನನ್ನ ಮ್ಯಾಲೆ ನನಗೇ ನಂಬಿಕೆ ಹೋತು." ನನಗೆ ತಲೆ ಎತ್ತಲಾಗಲಿಲ್ಲ.

ಅಪ್ಪ ಸೂಜಿ ನಿಲ್ಲಿಸಿದರು. "ಅವತ್ತು ಎಲ್ಲಾರ ಮುಂದೆ ಅಂದಿದ್ರಂತೆ. ಇದನ್ನೂ ಎಲ್ಲಾರ ಮುಂದೆ ಹೇಳಾಕೆ ಬೇಕಲ್ರೀ?"

ಬೇಕು ಎಂದೆ. ಅಲ್ಲೇ ಕೂತು ತಂಡದ ಎಲ್ಲರಿಗೂ ಮೇಲ್ ಬರೆದೆ. ನಸೀಮಾ ಪಕ್ಕದಲ್ಲಿ ಕೂತು ಓದಿ, "ಬಹುಶಃ ನನ್ನ ತಪ್ಪು" ಎಂದಿದ್ದ ಕಡೆ "ಬಹುಶಃ" ಅಳಿಸಿದಳು. ಹಾಗೇ ಕಳಿಸಿದೆ. ಆಮೇಲೆ ರೊಟ್ಟಿ, ಶೇಂಗಾ ಚಟ್ನಿ ಬಂತು. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡೆವು.

ಸಂಜೆ ನಾಲ್ಕಕ್ಕೆ ನನ್ನನ್ನು ಆಟೋ ಹತ್ತಿಸಲು ಬಂದಾಗ ಹೇಳಿದಳು: "ಸೋಮವಾರ ಮೀಟಿಂಗ್‌ನಾಗೆ ಈ ಭಾಗ ನಾನೇ ಹೇಳ್ತೀನಿ."

"ನೀನೇ ಹೇಳಬೇಕು."

ಆಟೋ ಹೊರಟ ಮೇಲೆ ತಿರುಗಿ ನೋಡಿದೆ. ತಂಡದವರು ಯಾರೋ ಆಗಲೇ ಫೋನ್ ಮಾಡಿದ್ದರೆಂದು ಕಾಣುತ್ತದೆ. ನಸೀಮಾ ರಸ್ತೆಯ ನಡುವೆ ನಿಂತು, ಫೋನನ್ನು ಕಿವಿಗೆ ಒತ್ತಿಕೊಂಡು, ಇನ್ನೊಂದು ಕೈಯಿಂದ ಗಾಳಿಯಲ್ಲಿ ಕಣದ ದಾರಿ ಬರೆಯುತ್ತಾ ಜೋರಾಗಿ ವಿವರಿಸುತ್ತಿದ್ದಳು.