ಕರು ಆಮೇಲೆ ಏನಾಯಿತು?: ಮೋಹಿನಿ ಮೇಡಂ ಅವರ ಜೋಡಿ ಬರಹ

ಮಂಡ್ಯ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಕನ್ನಡವನ್ನು ಶ್ರದ್ಧೆಯಿಂದ ಕಲಿಸಿದವರು ಅನೇಕರಿದ್ದಾರೆ. ಬರೆಯಲು ಹೆದರುವ ಮಗುವಿಗೆ ಓರಗೆಯ ಮಗುವನ್ನೇ ಗುರುವಾಗಿ ಕೊಟ್ಟು, ತಾವು ಪಕ್ಕಕ್ಕೆ ಸರಿದು ನಿಂತವರು ವಿರಳ. ಮೂವತ್ತೊಂದು ವರ್ಷಗಳ ಸೇವೆ ಮುಗಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀಮತಿ ಮೋಹಿನಿ ಅವರು ಆ ವಿರಳರಲ್ಲಿ ಒಬ್ಬರು.

ಹೊಳಲು ಗ್ರಾಮದಲ್ಲಿ ಹುಟ್ಟಿ, ಮಂಡ್ಯದಲ್ಲಿ ಪದವಿ ಪಡೆದು, ಮಳವಳ್ಳಿ ಕಡೆಯ ಶಾಲೆಯೊಂದಕ್ಕೆ ಸೇರಿದಾಗ ಅವರೂ ಎಲ್ಲರಂತೆ ಕೆಂಪು ಶಾಯಿಯ ಮೇಡಂ ಆಗಿದ್ದರು. ತಿದ್ದಿ ಕೊಟ್ಟ ಪುಸ್ತಕವನ್ನು ಮಕ್ಕಳು ತೆರೆದೂ ನೋಡದೆ ಚೀಲಕ್ಕೆ ತುರುಕುವುದನ್ನು ಹನ್ನೆರಡು ವರ್ಷ ಕಂಡರು. ಮದ್ದೂರು ತಾಲ್ಲೂಕಿಗೆ ವರ್ಗವಾಗಿ ಬಂದ ಮೇಲೆ ಕೆಂಪು ಪೆನ್ನನ್ನು ಮೇಜಿನ ಖಾನೆಗೆ ಹಾಕಿದರು. ವಾರಕ್ಕೆ ಮೂರು ದಿನ, ಬೆಳಗಿನ ಪ್ರಾರ್ಥನೆಗೆ ಮುಂಚೆ, ಶಾಲೆಯ ವರಾಂಡದಲ್ಲಿ ಮಕ್ಕಳನ್ನು ಇಬ್ಬಿಬ್ಬರಾಗಿ ಕೂರಿಸಿದರು. ಒಬ್ಬರು ಬರೆಯಬಲ್ಲವರು, ಇನ್ನೊಬ್ಬರು ಬರೆಯಲಾರದವರು. ಪೆನ್ನು ಬರೆಯಲಾರದವರ ಕೈ ಬಿಡಕೂಡದು. ಬರೆಯಬಲ್ಲವರು “ಯಾರು? ಎಲ್ಲಿ? ಆಮೇಲೆ?” ಎಂದಷ್ಟೇ ಕೇಳಬೇಕು, ಕೇಳಿಸಿಕೊಂಡದ್ದನ್ನು ಚಾಚೂ ತಪ್ಪದೆ ಬಾಯಲ್ಲಿ ತಿರುಗಿ ಒಪ್ಪಿಸಬೇಕು. ಹೇಳಿದವರು ತಮ್ಮದೇ ಮಾತನ್ನು ಕೇಳುತ್ತ ಬರೆಯಬೇಕು.

ಕೆಲವು ವರ್ಷಗಳ ಹಿಂದೆ ಹತ್ತನೆಯ ತರಗತಿಯಲ್ಲಿದ್ದ ಚಂದನಳಿಗೆ ಹೀಗೆ ಜೋಡಿಯಾದವಳು ತರಗತಿಗೇ ಮೊದಲಿಗಳಾದ ನಯನ. ಚಂದನ ಡೈರಿಗೆ ಹಾಲು ಹಾಕಿ ಓಡಿ ಬರುತ್ತಿದ್ದಳು. ಕೈಯ ಕೊಟ್ಟಿಗೆ ವಾಸನೆಗೆ ನಾಚಿ ಪುಸ್ತಕ ಮುಟ್ಟಲು ಹಿಂಜರಿಯುತ್ತಿದ್ದಳು. ಎರಡೇ ದಿನದಲ್ಲಿ ನಲ್ಲಿಯ ಬಳಿ ಒಂದು ಸೋಪು, ಒಂದು ಟವೆಲು ಕಾಣಿಸಿಕೊಂಡವು, ಎಲ್ಲರಿಗೂ ಇಟ್ಟದ್ದೆಂಬಂತೆ.

ಆ ವರ್ಷದ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ‘ಮರೆಯಲಾಗದ ಒಂದು ದಿನ’ ಎಂಬ ಪ್ರಬಂಧ ಕೇಳಿದ್ದರು. ಇಬ್ಬರೂ ಹಸು ಕರು ಹಾಕಿದ ದಿನವನ್ನು ಬರೆದಿದ್ದರು. ಒಂಬತ್ತು ಸಾಲು ಒಂದೇ ಅಚ್ಚು: “ಕರು ಎದ್ದು ನಿಂತಿತು. ಅದಕ್ಕೂ ಮೊದಲು ಅವ್ವ ಎದ್ದು ನಿಂತಿದ್ದಳು.” ಚಂದನ ಕೂತಿದ್ದುದು ನಯನಳ ಹಿಂದಿನ ಬೆಂಚಿನಲ್ಲಿ. ಇಬ್ಬರ ಮನೆಯಲ್ಲೂ ಹಸುಗಳಿದ್ದವು.

ಮುಖ್ಯೋಪಾಧ್ಯಾಯರಾದ ಕೆಂಪಸಿದ್ದಯ್ಯನವರು ಎರಡು ಉತ್ತರಪತ್ರಿಕೆಗಳನ್ನೂ ಅಕ್ಕಪಕ್ಕ ಇಟ್ಟರು. “ನೋಡಿ ಬರೆಯೋದು ಕಲಿಸಿದ್ದೀರಿ ಮೇಡಂ. ಈ ಚಂದನಳನ್ನ ಮುಖ್ಯ ಪರೀಕ್ಷೆಗೆ ಕೂರಿಸಲ್ಲ. ನಿಮ್ಮ ವರಾಂಡಾನೂ ಇವತ್ತಿಗೆ ಸಾಕು.”

ನಯನ ತಲೆ ತಗ್ಗಿಸಿ ನಿಂತಿದ್ದಳು. “ನಾನ್ ನೋಡ್ ಬರ್ದಿಲ್ಲ ಸಾರ್” ಎಂದಳು ಚಂದನ. ಮೋಹಿನಿ ಅವರ ಕಣ್ಣು ಚಂದನಳ ಮೇಲೆ ನಿಂತಿತು, ನಯನಳ ಮೇಲಲ್ಲ. ಚಂದನ ಅದನ್ನು ಕಂಡಳು.

ಅಷ್ಟರಲ್ಲಿ ಸುದ್ದಿ ತಿಳಿದು ಚಂದನಳ ತಾಯಿ ಅಂಕಮ್ಮ ಬಂದರು. “ಏನ್ ಮೇಡಮ್ಮೋರೆ, ನಮ್ಮುಡ್ಗಿ ಕದ್ದು ಬರುದ್ಲಂತೆ? ಇವತ್ತೇ ಕರ್ಕೊಂಡ್ ಓಯ್ತೀನಿ ಬುಡಿ. ಗಾರ್ಮೆಂಟ್ಸ್ ಬಸ್ಸು ಮನೆ ಮುಂದ್ಕೇ ಬತ್ತದೆ. ಅಲ್ಲಿ ಬರ್ಯಾದೇನೂ ಇಲ್ಲ.”

ಚಂದನಳ ಚೀಲ ಆಗಲೇ ತಾಯಿಯ ಹೆಗಲೇರಿತ್ತು.

“ಒಂದು ಗಂಟೆ ಕೊಡಿ ಸಾರ್,” ಎಂದರು ಮೋಹಿನಿ. “ನಿಮ್ಮ ಕಣ್ಣೆದುರೇ ಬರೀಲಿ.”

ಕೆಂಪಸಿದ್ದಯ್ಯನವರು ಕೋಣೆಯ ಎರಡು ಮೂಲೆಗೆ ಎರಡು ಮೇಜು ಹಾಕಿಸಿದರು. “ಸರಿ. ಆ ಕರು ಆಮೇಲೆ ಏನಾಯ್ತು? ಬರೀರಿ ಇಬ್ರೂ.”

ಹತ್ತು ನಿಮಿಷ ಕಳೆದರೂ ಎರಡು ಪೆನ್ನೂ ಅಲುಗಲಿಲ್ಲ. ಬಾಗಿಲಲ್ಲಿ ನಿಂತ ಅಂಕಮ್ಮ ಚೀಲದ ಪಟ್ಟಿಯನ್ನು ಬಿಗಿ ಹಿಡಿದಿದ್ದರು. ಒಂದೇ ಒಂದು ಮಾತು ಹೇಳಿಕೊಟ್ಟರೆ ಚಂದನ ದಡ ಸೇರುತ್ತಾಳೆಂದು ಮೋಹಿನಿ ಅವರಿಗೆ ಗೊತ್ತಿತ್ತು. ಆ ಮಾತೇ ಅವಳನ್ನು ಮುಳುಗಿಸುತ್ತದೆಂದೂ ಗೊತ್ತಿತ್ತು. ಕೈಗಳನ್ನು ಸೆರಗಿನೊಳಗೆ ಹಿಸುಕಿಕೊಂಡು ಕಿಟಕಿಯ ಕಡೆ ತಿರುಗಿದರು. ಆಗ ಬೆನ್ನ ಹಿಂದೆ ಪಿಸುಮಾತು ಕೇಳಿತು: “ಯಾರು? ಎಲ್ಲಿ? ಆಮೇಲೆ?” ಚಂದನ ತನ್ನನ್ನು ತಾನೇ ಕೇಳಿಕೊಳ್ಳುತ್ತಿದ್ದಳು. ಕಾಗದದ ಮೇಲೆ ಪೆನ್ನು ಕೆರೆಯುವ ಸದ್ದು ಶುರುವಾಯಿತು.

ಗಂಟೆ ಮುಗಿದಾಗ ಅವಳ ಹಾಳೆ ಎರಡು ಬದಿಯೂ ತುಂಬಿತ್ತು. “ಮೂರನೇ ದಿನ ಕರುವಿಗೆ ಭೇದಿ ಹತ್ತಿತು. ಅವ್ವ ಅಂಗೈಯಲ್ಲಿ ಗಂಜಿ ನೆಕ್ಕಿಸಿದಳು. ನಾನು ಎರಡು ದಿನ ಶಾಲೆಗೆ ಬರಲಿಲ್ಲ. ಯಾಕೆ ಅಂತ ಮೇಡಂ ಎಲ್ಲರ ಮುಂದೆ ಕೇಳಲಿಲ್ಲ.” ನಯನಳ ಹಾಳೆಯಲ್ಲಿ ಹೆಸರು ಬಿಟ್ಟರೆ ಬೇರೇನೂ ಇರಲಿಲ್ಲ.

“ಅದು ಅವ್ಳ ಕತೆ ಸಾರ್,” ಎಂದು ನಯನ ಬಿಕ್ಕಿದಳು. “ದಿನಾ ಕೇಳಿ, ದಿನಾ ಒಪ್ಸಿ ನಂಗೇ ಬಾಯಿಗ್ ಬಂದ್ಬುಟ್ಟಿತ್ತು. ನಂದೂ ಅಂತ ಬರೆಯೋಕೆ ಏನೂ ಒಳೀನಿಲ್ಲ. ಯೋಳಕ್ಕೆ ಎದ್ರುಕೆ ಆಯ್ತು.”

ಕೆಂಪಸಿದ್ದಯ್ಯನವರು ಚಂದನಳ ಹಾಳೆಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು, “ಪರೀಕ್ಷೆಗೆ ಕೂತ್ಕೋ ಹೋಗಮ್ಮ. ವರಾಂಡಾನೂ ನಡೀಲಿ ಮೇಡಂ” ಎಂದರು. ಮೋಹಿನಿ ಅವರು ಚಂದನಳ ಮುಂದೆ ಬಂದು ನಿಂತರು. “ನಾನೂ ಒಂದು ಗಳಿಗೆ ನಿನ್ನನ್ನೇ ಅನುಮಾನಿಸಿದೆ ಕಣಮ್ಮ. ತಪ್ಪಾಯ್ತು.”

ಚಂದನಳಿಗಿಂತ ಮೊದಲು ಬಾಗಿಲಿನಿಂದ ಉತ್ತರ ಬಂತು: “ಎತ್ತವ್ಳು ನಾನೇ ನಂಬ್ನಿಲ್ಲ, ನಿಮ್ದೇನ್ ಬುಡಿ ಮೇಡಮ್ಮೋರೆ.” ಅಂಕಮ್ಮ ಚೀಲವನ್ನು ಮಗಳ ಹೆಗಲಿಗೆ ಹಾಕಿ, ಪಟ್ಟಿ ಸರಿಮಾಡಿ ಹೋದರು.

ಅಂದು ನಯನಳನ್ನು ಗದರಲು ಮೋಹಿನಿ ಅವರು ಯಾರನ್ನೂ ಬಿಡಲಿಲ್ಲ. ಮರುವಾರದಿಂದ ವರಾಂಡದ ನಿಯಮವನ್ನೇ ಬದಲಿಸಿದರು: ಶನಿವಾರ ಬರೆಯಬಲ್ಲವರ ಕೈಗೆ ಪೆನ್ನು, ಕೇಳುವ ಸರದಿ ಇನ್ನೊಬ್ಬರದು. ನಯನ ತನ್ನ ಮನೆಯ ಕತೆಯನ್ನು ಮೊದಲ ಬಾರಿ ಬರೆದದ್ದು ಚಂದನಳ “ಆಮೇಲೆ?”ಗೆ ಉತ್ತರವಾಗಿ. ಆ ಪದ್ಧತಿ ಇಂದಿಗೂ ನಡೆದಿದೆ, ಹತ್ತಿರದ ಕೊಪ್ಪದ ಕಡೆಯ ಬಸ್ಸಿನಿಂದ ಇಳಿಯುವ ಮಕ್ಕಳಿಗಾಗಿ ಹತ್ತು ನಿಮಿಷ ಕಾದು.

ಚಂದನ ಈಗ ಮಂಡ್ಯದಲ್ಲಿ ಬಿ.ಎಡ್. ಓದುತ್ತಿದ್ದಾಳೆ. ಮೊನ್ನೆ ಮೇಡಂ ಮನೆಗೆ ಬಂದವಳು ಒಂದು ಖಾಲಿ ನೋಟ್‌ಪುಸ್ತಕವನ್ನೂ ಪೆನ್ನನ್ನೂ ಅವರ ಕೈಗಿತ್ತು ಎದುರಿಗೆ ಕೂತಳು. “ನೀವು ಒಳಲಲ್ಲಿ ಉಟ್ಟುದ್ರಿ. ಆಮೇಲೆ?”

ಆ ಪುಸ್ತಕ ತುಂಬುವಷ್ಟು ಆಯುಸ್ಸು, ಇನ್ನೊಂದನ್ನು ಬೇಡುವಷ್ಟು ಆರೋಗ್ಯ ಮೋಹಿನಿ ಮೇಡಂ ಅವರಿಗೆ ದೊರೆಯಲಿ. ಎದುರಿಗೆ ಕೂತು ಕೇಳುವವರು ಎಂದೂ ತಪ್ಪದಿರಲಿ.