ಸೊಸೆ ನನ್ನನ್ನು ಸಾಯಿಸಿ ನೋಡಿದ್ದು

ನನ್ನ ಸೊಸೆಗೆ ಯಾವುದನ್ನೂ ಸುಮ್ಮನೆ ನಂಬಿ ಗೊತ್ತಿಲ್ಲ. ಹೊಸ ಕೊಡೆ ತಂದರೆ ಮಳೆ ಬರುವವರೆಗೆ ಕಾಯುವ ಜನ ಬೇರೆ. ಇವಳು ಬಚ್ಚಲಲ್ಲಿ ಶವರ್ ಬಿಟ್ಟು ಅದರ ಕೆಳಗೆ ಕೊಡೆ ಬಿಚ್ಚಿಕೊಂಡು ನಿಲ್ಲುತ್ತಾಳೆ. ಮುಂಬಾಗಿಲಿಗೆ ಹೊಸ ಬೀಗ ಹಾಕಿಸಿದ ದಿನ ತನ್ನ ಗಂಡನನ್ನೇ, ಅಂದರೆ ನನ್ನ ಮಗನನ್ನೇ, ಹೊರಗೆ ನಿಲ್ಲಿಸಿ, ಕೂದಲಿನ ಪಿನ್ನಿನಿಂದ ತೆಗೆಯಲು ಬರುತ್ತದೋ ನೋಡಿ ಎಂದಳು. ಅವನು ತರಕಾರಿ ಚೀಲ ಹಿಡಿದು ಪಿಳಿಪಿಳಿ ಕಣ್ಣುಬಿಡುತ್ತ ನಿಂತಿದ್ದ. ಗಂಡ ಹೆಂಡಿರಿಗೆ ಜಗಳವಾಗಿದೆ ಎಂದುಕೊಂಡು ಅಕ್ಕಪಕ್ಕದವರು ನನ್ನನ್ನು ವಿಚಾರಿಸಿದರು. ಏನಂತ ಹೇಳಲಿ, ನನ್ನ ಕರ್ಮ.

ಆಸ್ಪತ್ರೆಯಲ್ಲಿ ಅವಳು ಮೂಳೆ ವಾರ್ಡಿನ ಹೆಡ್ ನರ್ಸ್. ಅಲ್ಲಿಗೆ ಹೊಸ ಕಂಪ್ಯೂಟರ್ ವ್ಯವಸ್ಥೆ ಬಂತು. ರೋಗಿಯ ಜ್ವರ, ಔಷಧಿ, ಎಕ್ಸ್‌ರೇ ಎಲ್ಲ ಅದರೊಳಗೇ. ಮೊದಲು ಚೀಟಿ ಮಾಡಿಸುವ ಕೌಂಟರಿನಲ್ಲಿ ಶುರುಮಾಡಿದರು. ವಾರ್ಡುಗಳಿಗೂ ತರಬಹುದೋ ಬೇಡವೋ ಎಂದು ಪರೀಕ್ಷಿಸಿ ಹೇಳುವ ಕೆಲಸವನ್ನು ದೊಡ್ಡ ಡಾಕ್ಟರು ಇವಳಿಗೇ ವಹಿಸಿದರು. ಇನ್ನು ಕೇಳಬೇಕೆ? ಊಟಕ್ಕೆ ಕೂತರೂ ಅದೇ ಮಾತು. ಮಾತ್ರೆ ಕೊಡುವಾಗ ನರ್ಸ್ ಕಂಪ್ಯೂಟರ್ ನೋಡುತ್ತಾಳೋ ರೋಗಿಯ ಮುಖ ನೋಡುತ್ತಾಳೋ, ಕೈಗವಸು ಹಾಕಿದ ಬೆರಳಿಗೆ ಅದು ಓಗೊಡುತ್ತದೋ, ಕರೆಂಟು ಹೋದರೆ ಬರೆದದ್ದು ಉಳಿಯುತ್ತದೋ.

ಅದನ್ನು ಮಾರಲು ಬಂದ ಕಂಪನಿಯವನಿಗೆ ನಾವು ಮನೆಯಲ್ಲಿ ‘ಟೈ’ ಎಂದು ಹೆಸರಿಟ್ಟಿದ್ದೆವು. ಇವಳನ್ನು ದೂರದಿಂದ ಕಂಡರೂ ಸಾಕು, ಅವನು ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿಯುತ್ತಿದ್ದನಂತೆ. ಪರೀಕ್ಷೆಗೆಂದು ತುಂಬಿದ ಸುಳ್ಳು ರೋಗಿಗಳು ನಿಜವಾದ ರೋಗಿಗಳ ಜೊತೆ ಬೆರೆತುಹೋಗಬಹುದು ಎಂದು ಇವಳು ಬರೆದುಕೊಟ್ಟಿದ್ದಳು. ಅವರನ್ನೆಲ್ಲ ಅಳಿಸುತ್ತೇವೆ ಮೇಡಂ, ನಿಶ್ಚಿಂತೆಯಾಗಿರಿ ಎಂದು ಟೈ ಭರವಸೆ ಕೊಟ್ಟಿದ್ದ. ಆ ಸುಳ್ಳು ರೋಗಿಗಳು ಯಾರು ಏನು ಎಂದು ನಾನು ಕೇಳಲು ಹೋಗಿರಲಿಲ್ಲ.

ಅಷ್ಟರಲ್ಲಿ ನಾನು ಬಿದ್ದೆ. ಬಲ್ಬು ಹಾಕಲು ಸ್ಟೂಲ್ ಹತ್ತಬೇಡಿ ಎಂದು ಸೊಸೆ ಸಾವಿರ ಸಲ ಹೇಳಿದ್ದಳು, ಅದಕ್ಕೇ ಹತ್ತಿದೆ. ಬಲ್ಬು ಉಳಿಯಿತು, ನನ್ನ ಎಡ ಮುಂಗೈ ಉಳಿಯಲಿಲ್ಲ. ಮಗ ಆಸ್ಪತ್ರೆಗೆ ಕರೆದೊಯ್ದ. ಕೌಂಟರಿನ ಹೆಂಗಸು ನನ್ನ ಹೆಸರು, ಹುಟ್ಟಿದ ದಿನ ಹಾಕಿ ಕಂಪ್ಯೂಟರ್ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಕಂಪ್ಯೂಟರ್ ನೋಡಿದಳು. ಆಮೇಲೆ ದನಿ ತಗ್ಗಿಸಿ ಮಗನಿಗೆ ಹೇಳಿದಳು:

“ಸರ್, ಇವರು ತೀರಿಕೊಂಡಿದ್ದಾರೆ ಅಂತ ತೋರಿಸ್ತಿದೆ.”

“ತೋರಿಸಲಿ ಬಿಡಮ್ಮ. ಕೈ ಇನ್ನೂ ನೋಯ್ತಿದೆ, ಅದನ್ನಾದ್ರೂ ನೋಡಿ,” ಅಂದೆ.

ನೋಡುವ ಹಾಗಿರಲಿಲ್ಲ. ಸತ್ತವರ ಹೆಸರಿಗೆ ಎಕ್ಸ್‌ರೇ ಬರೆಯಲು ಅದು ಒಪ್ಪುವುದಿಲ್ಲವಂತೆ. ಆದರೆ ಅದೇ ಪರದೆಯ ಮೂಲೆಯಲ್ಲಿ, ನನಗೆ ಮಧ್ಯಾಹ್ನದ ಮಾತ್ರೆ ಕೊಡುವುದು ತಡವಾಗಿದೆ ಎಂದು ಕೆಂಪು ಅಕ್ಷರಗಳು ಮಿನುಗುತ್ತಿದ್ದವು. ಮಗ ಹಣೆ ಚಚ್ಚಿಕೊಂಡು ಹೆಂಡತಿಗೆ ಫೋನ್ ಮಾಡಿದ. ವಾರ್ಡಿನಿಂದ ಓಡಿಬಂದವಳು ಪರದೆ ನೋಡಿದ್ದೇ ಬಿಳಿಚಿಕೊಂಡಳು. ಕೊನೆಗೆ ಕೈಯಲ್ಲೇ ಚೀಟಿ ಬರೆದು ಎಕ್ಸ್‌ರೇ ತೆಗೆಸಿದಳು.

ಪ್ಲಾಸ್ಟರ್ ಹಾಕುವ ಕೋಣೆಯಲ್ಲಿ ಎಲ್ಲ ಬಾಯಿಬಿಟ್ಟಳು. ರೋಗಿ ಸತ್ತ ಮೇಲಾದರೂ ಅದು ಮಾತ್ರೆ ನೆನಪಿಸುವುದನ್ನು ನಿಲ್ಲಿಸುತ್ತದೋ ಎಂದು ನೋಡಲು ಆ ಸುಳ್ಳು ರೋಗಿಗಳಲ್ಲಿ ಒಬ್ಬರನ್ನು ಸಾಯಿಸಬೇಕಿತ್ತಂತೆ. ನನ್ನನ್ನು ಸಾಯಿಸಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು. ಇವಳಿಗೆ ನಾನು ಏನು ಕಡಿಮೆ ಮಾಡಿದ್ದೆ? ಯಾಕೆ, ನಿಮ್ಮಮ್ಮ ಇರಲಿಲ್ಲವೇನೇ ಎಂದು ಕೇಳಿಯೇಬಿಟ್ಟೆ.

“ಮೊದಲು ಅಮ್ಮನ ಹೆಸರೇ ಹಾಕೋಕೆ ಹೋದೆ ಅತ್ತೆ. ಅಮ್ಮಂಗೆ ಹಾರ್ಟ್ ತೊಂದರೆ ಅಲ್ವಾ, ಅರ್ಧ ಟೈಪ್ ಮಾಡಿ ಅಳಿಸಿಬಿಟ್ಟೆ. ನಿಮ್ಮ ಹೆಸರಾದ್ರೆ ಭಯ ಇರಲಿಲ್ಲ. ನೀವು ಅಷ್ಟು ಸುಲಭಕ್ಕೆ ಸಾಯೋರಲ್ಲ.”

ಇದು ಹೊಗಳಿಕೆಯೋ ಬೈಗುಳವೋ ಎಂದು ನಾನು ಲೆಕ್ಕ ಹಾಕುತ್ತಿರುವಾಗಲೇ ದೊಡ್ಡ ಡಾಕ್ಟರ ಕೋಣೆಯಿಂದ ಕರೆ ಬಂತು.

ಟೈ ನಮಗಿಂತ ಮೊದಲೇ ಅಲ್ಲಿ ಕೂತಿದ್ದ. ಬದುಕಿರುವವರ ಹೆಸರನ್ನು ಕೇಳದೆ ಬಳಸಿದ್ದೇ ತಪ್ಪು, ಆದ್ದರಿಂದ ಈ ಮೇಡಂ ಮಾಡಿದ ಪರೀಕ್ಷೆಯನ್ನೇ ಬದಿಗಿಟ್ಟು ಎಲ್ಲ ವಾರ್ಡುಗಳಲ್ಲೂ ಶುರುಮಾಡೋಣ ಎಂದು ಅವನ ವಾದ. ದೊಡ್ಡ ಡಾಕ್ಟರ ಮುಖ ಗಂಟಾಗಿತ್ತು. ಒಪ್ಪಿಗೆ ಕೇಳಿರದಿದ್ದರೆ ಇವಳ ಪರೀಕ್ಷೆಗೂ ಬೆಲೆಯಿಲ್ಲ, ಇವಳನ್ನು ವಾರ್ಡಿನ ಜವಾಬ್ದಾರಿಯಿಂದಲೂ ಇಳಿಸಬೇಕಾಗುತ್ತದೆ ಎಂದರು. ಆಮೇಲೆ ನನ್ನ ಕಡೆ ತಿರುಗಿ, ನಿಮ್ಮನ್ನು ಕೇಳಿದ್ದರೇನಮ್ಮ ಎಂದರು.

ನಿಜ ಹೇಳಿದ್ದರೆ ನನ್ನ ಸಿಟ್ಟು ಅಲ್ಲೇ ತೀರುತ್ತಿತ್ತು. ಸೊಸೆಯ ಕಡೆ ನೋಡಿದೆ. ಕೆಲಸಕ್ಕೇ ಸಂಚಕಾರ ಬಂದಿರುವ ಹೊತ್ತಿನಲ್ಲಿ ಆ ಪುಣ್ಯಾತ್ಗಿತ್ತಿ ಪ್ಲಾಸ್ಟರಿನಿಂದ ಇಣುಕುತ್ತಿದ್ದ ನನ್ನ ಬೆರಳುಗಳನ್ನು ಒಂದೊಂದಾಗಿ ಒತ್ತಿ, ರಕ್ತ ಸರಿಯಾಗಿ ಓಡುತ್ತಿದೆಯೇ ಎಂದು ನೋಡುತ್ತಿದ್ದಳು.

“ನಾನೇ ಹೇಳಿದ್ದು ಡಾಕ್ಟ್ರೇ. ಊರವರನ್ನೆಲ್ಲ ಯಾಕೆ ಸಾಯಿಸ್ತೀಯ, ನನ್ನನ್ನೇ ಸಾಯಿಸು ಅಂದೆ,” ಎಂದುಬಿಟ್ಟೆ. ನಾಲಿಗೆ ಒಂದಿಷ್ಟೂ ತೊದಲಲಿಲ್ಲ. ಅದೇ ಉಸಿರಿಗೆ ಟೈ ಕಡೆ ತಿರುಗಿದೆ. “ಅಲ್ಲಪ್ಪ, ಅಳಿಸ್ತೀನಿ ಅಂದೋನು ನೀನು. ಅಳಿಸಿದ್ಯಾ? ಸತ್ತೋಳಿಗೆ ಮಾತ್ರೆ ಕೊಡಿ ಅಂತ ಬಡ್ಕೊಳ್ಳುತ್ತೆ ನಿನ್ನ ಕಂಪ್ಯೂಟರು, ಬದುಕಿರೋಳ ಕೈ ನೋಡೋಕೆ ಮಾತ್ರ ಬಿಡಲ್ಲ.”

ದೊಡ್ಡ ಡಾಕ್ಟರು ಕನ್ನಡಕ ತೆಗೆದು ಒರೆಸತೊಡಗಿದರು. ನಗು ಅಡಗಿಸಲು ಎಂದು ನನಗೆ ಗೊತ್ತಾಯಿತು. ಸೊಸೆ ತೋರಿಸಿದ ಹುಳುಕುಗಳೆಲ್ಲ ಸರಿಯಾಗುವವರೆಗೆ ಅದು ಯಾವ ವಾರ್ಡಿಗೂ ಬರಬಾರದು ಎಂದರು.

ಹೊರಗೆ ಬಂದವಳೇ ಕೌಂಟರಿನಲ್ಲಿ ಕೂತು ನನ್ನನ್ನು ಬದುಕಿಸಲು ಹೊರಟಳು. ಕೊನೆಯಲ್ಲಿ ಕಂಪ್ಯೂಟರ್ ‘ಖಚಿತವೇ?’ ಎಂದು ಕೇಳಿತು. ಅವಳ ಬೆರಳು ಅಲ್ಲೇ ನಿಂತಿತು. ಇನ್ನು ಮೇಲೆ ಸ್ಟೂಲ್ ಹತ್ತುವುದಿಲ್ಲ ಎಂದು ಮಾತು ಕೊಟ್ಟರೆ ಮಾತ್ರ ಒತ್ತುತ್ತಾಳಂತೆ. ಎಂಥ ಗಟ್ಟಿಗಿತ್ತಿ ನೋಡಿ. ಮಾತು ಕೊಟ್ಟೆ, ಸತ್ತವಳಿಗೆ ಬೇರೆ ದಾರಿ ಏನಿತ್ತು?

ಒತ್ತಿದಳು. ಮುಚ್ಚಿ, ಮತ್ತೆ ತೆಗೆದು, ನಾನು ಬದುಕಿದ್ದೇನೆ ಎಂಬುದನ್ನು ಓದಿಕೊಂಡಳು. ಅದನ್ನೂ ನಂಬದೆ, ಕಣ್ಣು ತುಂಬಿಕೊಂಡೇ, ನನ್ನ ಬಲಗೈ ಎಳೆದುಕೊಂಡು ನಾಡಿ ಹಿಡಿದು ನೋಡಿದಳು.