ಯಾವ ಆಟವನ್ನೂ ಮುಗಿಸದ ಪ್ಲಗ್ಗಕ್ಕ

ಬೆಳಗಿನ ಆರಕ್ಕೆ ಇನ್ನೂ ಐದು ನಿಮಿಷವಿದೆ. ಗೇಮ್ ಕನ್ಸೋಲ್ ತಯಾರಿಸುವ ಕಂಪನಿಯ ಮೂರನೇ ಮಹಡಿಯಲ್ಲಿ, ಸಾಲು ಟೀವಿಗಳೆದುರು ಹೆಂಗಸೊಬ್ಬರು ಕೂತಿದ್ದಾರೆ. ಪರದೆಯ ಮೇಲೆ ಪುಟ್ಟ ಹುಡುಗಿಯೊಬ್ಬಳು ಸೇತುವೆ ದಾಟುತ್ತಿದ್ದಾಳೆ. ಅಲ್ಲಿಯವರೆಗಿನ ಆಟವನ್ನು ಯಂತ್ರ ಉಳಿಸಿಕೊಳ್ಳಲು ಶುರುಮಾಡಿದ್ದೇ ತಡ, ಇವರು ಬಗ್ಗಿ ಗೋಡೆಯ ಪ್ಲಗ್ ಕಿತ್ತೇಬಿಡುತ್ತಾರೆ. ಇವರ ಕೆಲಸ ನೋಡಿ ಬರೆಯಲು ಬಂದ ನಾನು 'ಅಯ್ಯೋ' ಎನ್ನುತ್ತೇನೆ.

"ಗಾಬರಿ ಆಯ್ತಾ? ಮನೇಲಿ ಕರೆಂಟು ಹೇಳಿ ಕೇಳಿ ಹೋಗುತ್ತಾ ಹೇಳಿ" ಎಂದು ನಗುತ್ತಾರೆ.

ಹನ್ನೊಂದು ವರ್ಷದಿಂದ ಇದೇ ಕೆಲಸ. ಜೊತೆಯವರು ಇಟ್ಟ ಹೆಸರು ಪ್ಲಗ್ಗಕ್ಕ.

ಹೊರಗಿನ ತಂಡಗಳಿಗೆ ಆಟ ತಯಾರಿಸಲು ಕಂಪನಿ ಯಂತ್ರ ಕೊಡುತ್ತದೆ, ತಂತ್ರಾಂಶ ಕೊಡುತ್ತದೆ, ತಲೆ ಕೆಟ್ಟಾಗ ಕೇಳಲು ಜನವನ್ನೂ ಕೊಡುತ್ತದೆ. ಆದರೆ ಪ್ಲಗ್ಗಕ್ಕ ಪಾಸು ಮಾಡದೆ ಆಟ ಅಂಗಡಿಯ ಮುಖ ನೋಡುವಂತಿಲ್ಲ. ಒಂದು ಆಟಕ್ಕೆ ನಲವತ್ಮೂರು ಪರೀಕ್ಷೆ, ದಿನಕ್ಕೆ ನಾಲ್ಕು ಆಟ. ಕಂಟ್ರೋಲರಿನ ಬ್ಯಾಟರಿ ತೆಗೆಯಬೇಕು, ಆಟದ ನಡುವೆ ಇಂಟರ್ನೆಟ್ ಕಡಿಯಬೇಕು. ಗುಂಡಿ ಒತ್ತಿ ಒತ್ತಿ ನೋಯುವ ಮಣಿಕಟ್ಟಿಗೆ ಸದಾ ಬಟ್ಟೆಪಟ್ಟಿ. ಆಟದ ಕೊನೆಗೆ ಬರುವ ಹೆಸರುಗಳಲ್ಲಿ ಇವರ ಹೆಸರಿಲ್ಲ.

"ಹೆಸರಿದ್ರೂ ಅದನ್ನ ನೋಡೋಕೆ ಕೊನೆವರೆಗೂ ಆಡಿರ್ಬೇಕಲ್ಲ! ಸಾವಿರಾರು ಆಟ ಶುರು ಮಾಡಿದೀನಿ, ಒಂದನ್ನೂ ಮುಗಿಸಿಲ್ಲ."

ಸೇತುವೆಯ ಹುಡುಗಿಯ ಆಟ ಮಾಡಿದವರು ಅಕ್ಕ-ತಮ್ಮ, ಇಬ್ಬರೇ. ಸಂಜೆಯಾಗುತ್ತಿದೆ, ಹುಡುಗಿ ಮನೆ ಸೇರಬೇಕು. ದೂರದಿಂದ ಅಮ್ಮ ಕರೆಯುತ್ತಿರುತ್ತಾಳೆ. ನಾಲ್ಕು ಸಲ ಫೇಲಾಗಿ ಇಂದು ಐದನೆಯ ಸಲ ಬಂದಿದೆ. ಫೇಲಾದರೆ ಮತ್ತೆ ಬರುತ್ತದೆ. ಪಾಸಾದರೆ ಆ ಕ್ಷಣವೇ ಯಂತ್ರದಿಂದ ಅಳಿಸಬೇಕೆಂಬುದು ನಿಯಮ.

"ಫೇಲಾದಾಗೆಲ್ಲ ಒಳಗೊಳಗೇ ಖುಷಿ, ಇನ್ನೊಂದ್ಸಲ ಆ ದನಿ ಕೇಳಬಹುದಲ್ಲ ಅಂತ. ಪಾಪ, ಅವರ ಹೊಟ್ಟೆ ಉರಿಸಿ ನಾನು ಖುಷಿಪಡೋದು, ಇದೆಂಥ ಕರ್ಮ!"

ಎರಡನೇ ಸಲ ಒಂದು ಎಡವಟ್ಟೂ ಆಯಿತು. ಪರೀಕ್ಷಕರು ಆಟ ಮಾಡಿದವರೊಡನೆ ಮಾತಾಡುವಂತಿಲ್ಲ, ವರದಿಯಲ್ಲಿರುವುದು ದೋಷಗಳ ಪಟ್ಟಿಯೊಂದೇ. ತಡೆಯಲಾರದೆ ಪ್ಲಗ್ಗಕ್ಕ ಅದರಲ್ಲೇ ಬರೆದರು: 'ಅಮ್ಮನ ದನಿ ಕೇಳಿದರೆ ಅಳು ಬರುತ್ತದೆ.' ಅಕ್ಕ-ತಮ್ಮ ಹೆದರಿ ಆ ದನಿಯನ್ನೇ ತೆಗೆದು ಕಳಿಸಿದರು!

"ಅಯ್ಯೋ, ಅದು ದೋಷ ಅಲ್ಲ, ದಮ್ಮಯ್ಯ ವಾಪಸ್ ಹಾಕಿ ಅಂತ ಬರೆದೆ. ಮೇಲಿನವರ ಹತ್ರ ಚೆನ್ನಾಗಿ ಬೈಸಿಕೊಂಡೆ. ಆದ್ರೂ ದನಿ ವಾಪಸ್ ಬಂತು."

ಕಿತ್ತ ಪ್ಲಗ್ ಮತ್ತೆ ಹಾಕುತ್ತಾರೆ. ಹುಡುಗಿ ಸೇತುವೆಯ ಮೇಲೆ, ಬಿಟ್ಟಲ್ಲೇ ಇದ್ದಾಳೆ. ಇದೇ ಕೊನೆಯ ಪರೀಕ್ಷೆ, ನಲವತ್ಮೂರೂ ಸರಿ. ಏನಾದರೂ ಕೊಂಕು ಸಿಕ್ಕೀತೇ ಎಂಬಂತೆ ಪ್ಲಗ್ಗಕ್ಕ ಪಟ್ಟಿಯನ್ನು ಮೇಲಿನಿಂದ ಕೆಳಗೆ ಇನ್ನೊಮ್ಮೆ ಓದುತ್ತಾರೆ. ಆಮೇಲೆ ಪಾಸು ಒತ್ತಿ, ಆಟ ಅಳಿಸುತ್ತಾರೆ.

"ಅಂಗಡಿಗೆ ಬಂದಮೇಲೆ ಕೊಂಡು ಆಡ್ತೀರಾ?" ಎನ್ನುತ್ತೇನೆ.

"ಆಡ್ಬೇಕು. ಒಂದ್ಸಲ, ತಪ್ಪು ಹುಡುಕದೆ ಆಡ್ಬೇಕು. ತೀರಾ ಹುಷಾರಿಲ್ಲ, ನಮ್ಮಮ್ಮ ಕರೀತಾ ಇದ್ದಾಳೆ ಅಂತ ಫೋನ್ ಬಂದಾಗ ನಾನು ಇಲ್ಲೇ ಕೂತಿದ್ದೆ. ಓಡಿದೆ, ತಲುಪೋ ಹೊತ್ತಿಗೆ ಎಲ್ಲಾ ಮುಗಿದಿತ್ತು. ಈ ಹುಡುಗಿಯಾದ್ರೂ ಮನೆ ಮುಟ್ಟಿದ್ಲಾ ಅಂತ ನೋಡ್ಬೇಕು."